ಭಾನುವಾರ ಬೆಳಗಿನ ರಾಮಾಯಣ

1987ರ ಜನವರಿ 25, ಭಾನುವಾರ. ಬೆಳಿಗ್ಗೆ ಒಂಬತ್ತೂವರೆಗೆ ದೂರದರ್ಶನವು ರಮಾನಂದ ಸಾಗರ್ ಅವರ ‘ರಾಮಾಯಣ’ ಧಾರಾವಾಹಿಯ ಮೊದಲ ಕಂತನ್ನು ಪ್ರಸಾರ ಮಾಡಿತು. ಮೊದಲು 52 ಕಂತುಗಳೆಂದು ನಿಗದಿಯಾಗಿದ್ದ ಧಾರಾವಾಹಿ 78 ಕಂತುಗಳವರೆಗೆ ಬೆಳೆದು 1988ರ ಜುಲೈ 31ರಂದು ಮುಗಿಯಿತು. ಆ ಒಂದೂವರೆ ವರ್ಷ ಭಾನುವಾರದ ಬೆಳಗು ಹೇಗಿತ್ತೆಂಬುದು ಈಗ ಐವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಬೀದಿಗಳು ಬರಿದಾಗುತ್ತಿದ್ದವು. ಟೀವಿ ಇದ್ದ ಮನೆಯ ನಡುಮನೆಯಲ್ಲಿ ಅಕ್ಕಪಕ್ಕದವರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಹಲವರು ಸ್ನಾನ ಮುಗಿಸಿ ಬರುತ್ತಿದ್ದರು. ಟೀವಿ ಪೆಟ್ಟಿಗೆಗೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ಕಂತು ಮುಗಿದ ಮೇಲೆ ಪ್ರಸಾದ ಹಂಚಿದ ಸುದ್ದಿಗಳು ದೇಶದ ಎಲ್ಲ ಕಡೆಗಳಿಂದ ಪತ್ರಿಕೆಗಳಿಗೆ ಬಂದವು.

ಐದು ವರ್ಷಗಳೊಳಗೆ, 1992ರ ಡಿಸೆಂಬರ್ 6ರಂದು, ಅಯೋಧ್ಯೆಯ ಬಾಬರಿ ಮಸೀದಿ ನೆಲಕ್ಕುರುಳಿತು. ಈ ಎರಡು ದಿನಗಳ ನಡುವೆ ಸಂಬಂಧವಿದೆಯೆ? ಇದೆ ಎನ್ನುವವರು ಟೀವಿಯೇ ಎಲ್ಲಕ್ಕೂ ಕಾರಣವೆಂಬಂತೆ ಮಾತಾಡುತ್ತಾರೆ. ಇಲ್ಲ ಎನ್ನುವವರು ಅದು ಬರಿಯ ಮನರಂಜನೆ, ಭಕ್ತಿಗೂ ರಾಜಕೀಯಕ್ಕೂ ಗಂಟು ಹಾಕಬೇಡಿ ಎನ್ನುತ್ತಾರೆ. ಚರಿತ್ರೆಯನ್ನು ತುಸು ಹತ್ತಿರದಿಂದ ನೋಡಿದರೆ ಎರಡೂ ಉತ್ತರಗಳು ಅವಸರದವು ಎನಿಸುತ್ತದೆ.

ಪಟ್ಟಿಯಲ್ಲಿ ಹಲವು, ತೆರೆಯ ಮೇಲೆ ಒಂದು

ಧಾರಾವಾಹಿ ಶುರುವಾಗುವ ಮುನ್ನ ತೆರೆಯ ಮೇಲೆ ಬರುತ್ತಿದ್ದ ಹೆಸರುಗಳನ್ನು ಎಷ್ಟು ಜನ ಓದಿದ್ದರೋ ತಿಳಿಯದು. ವಾಲ್ಮೀಕಿ ಮತ್ತು ತುಳಸೀದಾಸರ ಜೊತೆಗೆ ಅಲ್ಲಿ ತಮಿಳಿನ ಕಂಬ ರಾಮಾಯಣ, ತೆಲುಗಿನ ರಂಗನಾಥ ರಾಮಾಯಣ, ಬಂಗಾಳಿಯ ಕೃತ್ತಿವಾಸ ರಾಮಾಯಣ, ಮರಾಠಿಯ ಭಾವಾರ್ಥ ರಾಮಾಯಣ, ಉರ್ದುವಿನಲ್ಲಿ ಚಕ್‌ಬಸ್ತ್ ಬರೆದ ರಾಮಾಯಣ ಇವೆಲ್ಲವೂ ಇದ್ದವು. ಕನ್ನಡದ ಪಾಲಿಗೆ ಬಂದ ಹೆಸರು ‘ರಾಮಚಂದ್ರ ಚರಿತ ಪುರಾಣ’. ನಾಗಚಂದ್ರ ಕವಿಯ ಈ ಕಾವ್ಯವನ್ನೇ ನಾವು ‘ಪಂಪ ರಾಮಾಯಣ’ ಎನ್ನುತ್ತೇವೆ.

ಇಲ್ಲೊಂದು ಸ್ವಾರಸ್ಯವಿದೆ. ನಾಗಚಂದ್ರನದು ಜೈನ ರಾಮಾಯಣ. ಅದರಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ವಾನರರು ಕೋತಿಗಳಲ್ಲ, ಧ್ವಜದಲ್ಲಿ ಕಪಿಯ ಗುರುತು ಇಟ್ಟುಕೊಂಡ ವಿದ್ಯಾಧರ ವಂಶದವರು. ರಾವಣ ಹತ್ತು ತಲೆಯ ರಾಕ್ಷಸನಲ್ಲ. ತನ್ನನ್ನು ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು, ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪ ಪಡುವವನು. ನಮ್ಮ ವಿಮರ್ಶಕರು ಅವನನ್ನು ದುರಂತ ನಾಯಕನೆಂದೇ ಕರೆದಿದ್ದಾರೆ. ಈ ಕಾವ್ಯದ ಹೆಸರು ಪಟ್ಟಿಯಲ್ಲಿತ್ತು. ಅದರ ಕತೆ ತೆರೆಯ ಮೇಲೆ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲವೆನ್ನಿ. ಟೀವಿಯಲ್ಲಿ ರಾವಣನನ್ನು ಒಬ್ಬನೇ ಕೊಲ್ಲಬೇಕು, ಅದೂ ಒಂದೇ ಸಲ.

ಅದು ಸಾಗರ್ ಅವರ ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಪ್ರತಿ ಕವಿಯೂ ಒಂದನ್ನು ಆರಿಸಿಕೊಂಡೇ ಬರೆದಿದ್ದಾನೆ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ಬಳಲಿದನೆಂದು ಕುಮಾರವ್ಯಾಸ ತಮಾಷೆ ಮಾಡಿ ತಾನು ಭಾರತದ ಕತೆಗೆ ತಿರುಗಿಕೊಂಡ. ಅಷ್ಟು ರಾಮಾಯಣಗಳು ಆಗಲೇ ಇದ್ದವು. ಆಮೇಲೆ ತೊರವೆಯ ನರಹರಿ ಬಂದ, ಪಾರ್ತಿಸುಬ್ಬನ ಹೆಸರಿನ ಯಕ್ಷಗಾನ ಪ್ರಸಂಗಗಳು ಬಂದವು, ಮುದ್ದಣ ಬಂದ, 1949ರಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಬಂತು. ಒಂದು ಇನ್ನೊಂದನ್ನು ಅಳಿಸಲಿಲ್ಲ. ಊರಿನ ಗಮಕಿ ತೊರವೆ ರಾಮಾಯಣ ವಾಚಿಸುತ್ತಿದ್ದ ಕಾಲದಲ್ಲೇ ತೊಗಲುಗೊಂಬೆಯವರು ತಮ್ಮ ರಾಮಾಯಣವನ್ನು ಹೊತ್ತು ಬರುತ್ತಿದ್ದರು.

ಹಳೆಯ ರೂಪಗಳಲ್ಲಿ ಇನ್ನೂ ಒಂದು ಗುಣವಿತ್ತು. ಅಲ್ಲಿ ಎದುರು ಮಾತಿಗೆ ಜಾಗವಿತ್ತು. ಕರಾವಳಿಯ ತಾಳಮದ್ದಳೆಯಲ್ಲಿ ವಾಲಿವಧೆಯ ಪ್ರಸಂಗವನ್ನು ಕೇಳಿದವರಿಗೆ ಇದು ಗೊತ್ತು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ವಾಲಿಯಾಗಿ ಕುಳಿತರೆ ರಾಮನ ಪಾತ್ರಧಾರಿ ಬೆವರಬೇಕಾಗಿತ್ತು. ಸಭೆಯಲ್ಲಿದ್ದವರು ಭಕ್ತರೇ, ಆದರೂ ವಾಲಿಯ ವಾದಕ್ಕೆ ತಲೆದೂಗುತ್ತಿದ್ದರು. ಮನೆಗೆ ಹೋಗುವಾಗ ಯಾರು ಗೆದ್ದರೆಂದು ಚರ್ಚಿಸುತ್ತಿದ್ದರು. ದೇವರನ್ನು ಪ್ರಶ್ನಿಸುವುದೂ ಭಕ್ತಿಯ ಒಂದು ಬಗೆ ಎಂಬ ತಿಳಿವಳಿಕೆ ಆ ಸಭೆಯಲ್ಲಿತ್ತು.

ಒಂದೇ ಮುಖ, ಒಂದೇ ಹೊತ್ತು

ಟೀವಿ ಈ ಕತೆಗೆ ಮಾಡಿದ್ದೇನು? ಮೊದಲನೆಯದಾಗಿ, ದೇವರಿಗೆ ಒಂದು ಮುಖ ಕೊಟ್ಟಿತು. ಇದನ್ನು ಮೊದಲು ಮಾಡಿದ್ದು ಟೀವಿಯಲ್ಲ ಎಂಬುದನ್ನೂ ಹೇಳಬೇಕು. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ಶುರು ಮಾಡಿದಾಗಲೇ ಲಕ್ಷ್ಮಿ, ಸರಸ್ವತಿಯರು ದೇವಾಲಯದ ಗರ್ಭಗುಡಿಯಿಂದ ಹೊರಟು ಬಡವರ ಮನೆಯ ಗೋಡೆಗೂ ಬಂದರು. ಗುಡಿಯೊಳಗೆ ಪ್ರವೇಶವಿಲ್ಲದವರಿಗೂ ದೇವರ ಚಿತ್ರ ಸಿಕ್ಕಿತು. 1917ರಲ್ಲಿ ದಾದಾಸಾಹೇಬ್ ಫಾಲ್ಕೆ ‘ಲಂಕಾದಹನ’ ಚಿತ್ರ ತೆಗೆದಾಗ ರಾಮನ ಪಾತ್ರವನ್ನೂ ಸೀತೆಯ ಪಾತ್ರವನ್ನೂ ಸಾಲುಂಕೆ ಎಂಬ ಒಬ್ಬನೇ ನಟ ಮಾಡಿದ್ದ. ಆ ರಾಮ ತೆರೆಗೆ ಬಂದೊಡನೆ ಪ್ರೇಕ್ಷಕರು ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದರಂತೆ. ನೆರೆಯ ಆಂಧ್ರದಲ್ಲಿ ರಾಮನಾಗಿ, ಕೃಷ್ಣನಾಗಿ ಮನೆಮಾತಾಗಿದ್ದ ಎನ್.ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಅಂದರೆ ದೇವರ ವೇಷಕ್ಕೂ ಅಧಿಕಾರದ ಕುರ್ಚಿಗೂ ನಡುವಿನ ದಾರಿಯನ್ನು ದೂರದರ್ಶನಕ್ಕಿಂತ ಮೊದಲೇ ಜನ ಕಂಡಿದ್ದರು.

ಟೀವಿಯಲ್ಲಿ ಹೊಸದಾಗಿದ್ದದ್ದು ಹೊತ್ತು. ಸಿನಿಮಾ ಊರಿಂದ ಊರಿಗೆ ಹೋಗುತ್ತದೆ. ಇಂದು ಇಲ್ಲಿ, ನಾಳೆ ಅಲ್ಲಿ. ದೂರದರ್ಶನದ ರಾಮಾಯಣ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಗಳಿಗೆಯಲ್ಲಿ ಕಾಣಿಸುತ್ತಿತ್ತು. ಹೆಚ್ಚಿನ ಊರುಗಳಲ್ಲಿ ಇದ್ದದ್ದು ಅದೊಂದೇ ಚಾನೆಲ್, ಅದೂ ಸರ್ಕಾರದ್ದು. 1975-76ರಲ್ಲಿ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟೀವಿ ತಂದಾಗ ಅದರ ಉದ್ದೇಶ ಬೇಸಾಯ, ಆರೋಗ್ಯ, ಶಾಲೆಯ ಪಾಠವಾಗಿತ್ತು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. 1984ರಲ್ಲಿ ‘ಹಮ್ ಲೋಗ್’ ಬಂತು, ಅದರೊಂದಿಗೆ ಜಾಹೀರಾತುದಾರರು ಬಂದರು. ರಾಮಾಯಣದ ಹೊತ್ತಿಗೆ ಈ ಮೂರೂ ಕೂಡಿದ್ದವು: ಸರ್ಕಾರದ ಮುದ್ರೆ, ಬಣ್ಣದ ತೆರೆ, ಕಂಪನಿಗಳ ಹಣ. ಜಾತ್ಯತೀತ ಸರ್ಕಾರದ ಮಾಧ್ಯಮ ಒಂದು ಧರ್ಮದ ಕತೆಯನ್ನು ಹೀಗೆ ಬಿತ್ತರಿಸಬಹುದೆ ಎಂದು ಕೆಲವರು ಆಗಲೇ ಕೇಳಿದ್ದರು. ರಾಮಾಯಣ ಧರ್ಮಗ್ರಂಥವಷ್ಟೇ ಅಲ್ಲ, ದೇಶದ ಸಂಸ್ಕೃತಿ ಎಂಬ ಉತ್ತರ ಸಿಕ್ಕಿತ್ತು. ಆ ಉತ್ತರ ತಪ್ಪಲ್ಲ. ಆದರೆ ಸಂಸ್ಕೃತಿ ಎಂದ ಮೇಲೆ ಯಾವ ರಾಮಾಯಣ ಎಂಬ ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಮುಖ್ಯರಾದವರು ಪಂಡಿತರಲ್ಲ, ಬೀದಿ ಗುಡಿಸುವವರು. ಪಟ್ಟಾಭಿಷೇಕದೊಂದಿಗೆ ಧಾರಾವಾಹಿ ಮುಗಿಯುತ್ತದೆಂದು ತಿಳಿದಾಗ ಪಂಜಾಬಿನ ಜಾಲಂಧರ್‌ನಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಉತ್ತರ ಭಾರತದ ಬೇರೆ ಊರುಗಳಿಗೂ ಅದು ಹಬ್ಬಿತು. ಅವರಿಗೆ ವಾಲ್ಮೀಕಿ ಕವಿ ಮಾತ್ರನಲ್ಲ, ಕುಲಗುರು. ಪರಿತ್ಯಕ್ತಳಾದ ಸೀತೆಗೆ ಆಶ್ರಯ ಕೊಟ್ಟು, ಲವಕುಶರನ್ನು ಬೆಳೆಸಿ, ರಾಮನೆದುರು ನಿಲ್ಲುವ ವಾಲ್ಮೀಕಿ ಕಾಣುವುದು ಉತ್ತರಕಾಂಡದಲ್ಲಿ. ಅದನ್ನು ಬಿಟ್ಟರೆ ತಮ್ಮ ಗುರುವನ್ನೇ ಕತೆಯಿಂದ ಹೊರಗಿಟ್ಟಂತೆ ಎಂಬುದು ಅವರ ಅಳಲು. ಸರ್ಕಾರ ಮಣಿಯಿತು, ಉತ್ತರ ರಾಮಾಯಣವೂ ಬಂತು. ಒಂದೇ ಕತೆಯನ್ನು ಎಲ್ಲರ ಕತೆಯೆಂದು ಸಾರಿದಾಗ ಅದರಲ್ಲಿ ತಮಗೆಷ್ಟು ಪಾಲು ಎಂದು ಜನ ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸೀತೆಯ ಅಗ್ನಿಪರೀಕ್ಷೆಯನ್ನೇ ನೋಡಿ. ಧಾರಾವಾಹಿ ಅದನ್ನು ಛಾಯಾಸೀತೆಯ ಕತೆಯಿಂದ ಬಗೆಹರಿಸಿತು. ರಾವಣ ಒಯ್ದದ್ದು ನೆರಳನ್ನು, ನಿಜದ ಸೀತೆ ಅಗ್ನಿಯ ಬಳಿಯಿದ್ದಳು, ಅವಳನ್ನು ಮರಳಿ ಪಡೆಯಲು ಈ ಪರೀಕ್ಷೆ ಎಂಬ ಸಮಾಧಾನ. ಇದೂ ಪರಂಪರೆಯಲ್ಲಿ ಇರುವುದೇ; ತುಳಸೀದಾಸರಲ್ಲಿದೆ. ಕುವೆಂಪು ಹಿಡಿದ ದಾರಿ ಬೇರೆ. ಅವರ ಕಾವ್ಯದಲ್ಲಿ ಸೀತೆಯೊಂದಿಗೆ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಒಂದರಲ್ಲಿ ಪ್ರಶ್ನೆ ಕರಗುತ್ತದೆ, ಇನ್ನೊಂದರಲ್ಲಿ ಪ್ರಶ್ನೆಗೆ ರಾಮನೇ ತಲೆಗೊಡುತ್ತಾನೆ. ಕನ್ನಡದ ಓದುಗನಿಗೆ ಎರಡೂ ಸಿಗುತ್ತವೆ. ಟೀವಿಯನ್ನಷ್ಟೇ ನೋಡಿದವನಿಗೆ ಎರಡನೆಯದು ಇದೆಯೆಂಬುದೇ ತಿಳಿಯುವುದಿಲ್ಲ.

ವಿಚಿತ್ರವೆಂದರೆ, ಧಾರಾವಾಹಿ ಶುರುವಾದ ಮರುತಿಂಗಳೇ, 1987ರ ಫೆಬ್ರುವರಿಯಲ್ಲಿ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ‘ಮುನ್ನೂರು ರಾಮಾಯಣಗಳು’ ಎಂಬ ಪ್ರಬಂಧವನ್ನು ಓದುತ್ತಿದ್ದರು. ವಾಲ್ಮೀಕಿ, ಕಂಬ, ಜೈನರು, ಥಾಯ್ಲೆಂಡಿನವರು ಇವರ ಜೊತೆಗೆ ಕನ್ನಡದ ಒಂದು ಜನಪದ ರಾಮಾಯಣವನ್ನೂ ಅವರು ಮುಂದಿಟ್ಟರು. ಅದರಲ್ಲಿ ರಾವುಳ ಮಾವಿನ ಹಣ್ಣು ತಿಂದು ತಾನೇ ಬಸುರಾಗುತ್ತಾನೆ. ಸೀನಿದಾಗ ಮಗು ಹುಟ್ಟುತ್ತದೆ. ಸೀತದ್ದರಿಂದ ಅವಳು ಸೀತೆ. ಈ ಪ್ರಬಂಧ ಮುಂದೆ ದೆಹಲಿ ವಿಶ್ವವಿದ್ಯಾಲಯದ ಪಠ್ಯವಾಯಿತು. 2008ರಲ್ಲಿ ಅದರ ವಿರುದ್ಧ ಪ್ರತಿಭಟನೆ ನಡೆದು, 2011ರ ಅಕ್ಟೋಬರಿನಲ್ಲಿ ಪಠ್ಯದಿಂದ ಕೈಬಿಡಲಾಯಿತು. ನಮ್ಮ ಅಜ್ಜಿಯರ ಕಾಲಕ್ಕೆ ಸಹಜವಾಗಿದ್ದ ‘ಇನ್ನೊಂದು ರಾಮಾಯಣ’ ಎಂಬ ಮಾತೇ ಇಪ್ಪತ್ತೈದು ವರ್ಷಗಳಲ್ಲಿ ಕೆಲವರಿಗೆ ಅಪಮಾನವಾಗಿ ಕೇಳಿಸತೊಡಗಿತು. ಇದಕ್ಕೆಲ್ಲ ಧಾರಾವಾಹಿಯೇ ಕಾರಣವಲ್ಲ. ಆದರೆ ಕತೆ ಒಂದೇ ಎಂಬ ಭಾವನೆ ಬಲಿಯುವುದರಲ್ಲಿ ಅದರ ಪಾಲು ಸಣ್ಣದಲ್ಲ.

ರಾಮ ಪ್ರಚಾರಕ್ಕೆ ಬಂದಾಗ

ಈಗ ರಾಜಕೀಯಕ್ಕೆ ಬರೋಣ. 1985ರಲ್ಲಿ ಶಾಬಾನು ಪ್ರಕರಣದ ತೀರ್ಪು, 1986ರ ಫೆಬ್ರುವರಿ 1ರಂದು ಅಯೋಧ್ಯೆಯ ವಿವಾದಿತ ಕಟ್ಟಡದ ಬೀಗ ತೆರೆದದ್ದು, ಅದೇ ವರ್ಷ ಮುಸ್ಲಿಂ ಮಹಿಳೆಯರ ಕಾಯ್ದೆ ಇವೆಲ್ಲ ಧಾರಾವಾಹಿಗೆ ಮೊದಲಿನವು. ಬೆಂಕಿಗೆ ಬೇಕಾದ ಸೌದೆ ಆಗಲೇ ಸಿದ್ಧವಿತ್ತು.

ರಾಮಾಯಣದ ಜನಪ್ರಿಯತೆಯನ್ನು ಮತಕ್ಕೆ ತಿರುಗಿಸಲು ಮೊದಲು ಯತ್ನಿಸಿದ್ದು ಆಳುತ್ತಿದ್ದ ಕಾಂಗ್ರೆಸ್ಸು. 1988ರ ಜೂನ್‌ನಲ್ಲಿ ಅಲಹಾಬಾದ್ ಲೋಕಸಭಾ ಉಪಚುನಾವಣೆ ನಡೆಯಿತು. ಬೊಫೋರ್ಸ್ ವಿಷಯವೆತ್ತಿ ಹೊರಬಂದಿದ್ದ ವಿ.ಪಿ. ಸಿಂಗ್ ಒಂದು ಕಡೆ, ಕಾಂಗ್ರೆಸ್ಸಿನ ಸುನಿಲ್ ಶಾಸ್ತ್ರಿ ಇನ್ನೊಂದು ಕಡೆ. ಶಾಸ್ತ್ರಿಯವರ ಪರ ಪ್ರಚಾರಕ್ಕೆ ಬಂದವರು ರಾಮನ ಪಾತ್ರಧಾರಿ ಅರುಣ್ ಗೋವಿಲ್. ತೆರೆಯ ಮೇಲೆ ರಾಮನ ಕತೆ ಇನ್ನೂ ಮುಗಿದಿರಲಿಲ್ಲ. ಜನ ಅವರನ್ನು ನೋಡಲು ಮುಗಿಬಿದ್ದರು, ಮತವನ್ನು ವಿ.ಪಿ. ಸಿಂಗ್ ಅವರಿಗೆ ಕೊಟ್ಟರು.

1989ರ ನವೆಂಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಚುನಾವಣಾ ಪ್ರಚಾರವನ್ನು ಅಯೋಧ್ಯೆಯ ಪಕ್ಕದ ಫೈಜಾಬಾದ್‌ನಿಂದ ಆರಂಭಿಸಿ ರಾಮರಾಜ್ಯದ ಮಾತಾಡಿದರು. ಆ ಚುನಾವಣೆಯಲ್ಲಿ ಕಾಂಗ್ರೆಸ್ ನಾನೂರಕ್ಕೂ ಹೆಚ್ಚು ಸ್ಥಾನಗಳಿಂದ 197ಕ್ಕೆ ಇಳಿಯಿತು. ಭಾರತೀಯ ಜನತಾ ಪಕ್ಷ 2ರಿಂದ 85ಕ್ಕೆ ಏರಿತು. ಅಯೋಧ್ಯೆ ಸೇರಿದ ಫೈಜಾಬಾದ್ ಕ್ಷೇತ್ರದಲ್ಲಿ ಮಾತ್ರ ಗೆದ್ದವರು ಕಮ್ಯುನಿಸ್ಟ್ ಪಕ್ಷದ ಮಿತ್ರಸೇನ್ ಯಾದವ್! ಅದೇ ವರ್ಷ ಕರ್ನಾಟಕದ ವಿಧಾನಸಭೆಯ 224 ಸ್ಥಾನಗಳಲ್ಲಿ ಭಾಜಪಕ್ಕೆ ಸಿಕ್ಕಿದ್ದು ನಾಲ್ಕು. ಕನ್ನಡಿಗರೂ ಹಿಂದಿ ತಿಳಿಯದಿದ್ದರೂ ತಪ್ಪದೆ ರಾಮಾಯಣ ನೋಡಿದ್ದರು. ಧಾರಾವಾಹಿ ನೋಡಿದವರೆಲ್ಲ ಒಂದೇ ಗುಂಡಿ ಒತ್ತುತ್ತಾರೆ, ಒಂದೇ ಗುರುತಿಗೆ ಮುದ್ರೆ ಹಾಕುತ್ತಾರೆ ಎಂಬ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಟೀವಿ ಕೊಟ್ಟದ್ದೇನು? ಮತವನ್ನಲ್ಲ, ಮಾತನ್ನು. ದೇಶದ ಬೇರೆ ಬೇರೆ ಭಾಷೆಯ ಕೋಟ್ಯಂತರ ಜನರಿಗೆ ಒಂದೇ ಚಿತ್ರಭಂಡಾರ ಸಿಕ್ಕಿತು: ಇಂಥ ರಥ, ಇಂಥ ಬಿಲ್ಲು, ಇಂಥ ಅಯೋಧ್ಯೆ. 1990ರ ಸೆಪ್ಟೆಂಬರ್ 25ರಂದು ಲಾಲ್‌ಕೃಷ್ಣ ಆಡ್ವಾಣಿ ಸೋಮನಾಥದಿಂದ ಹೊರಟಾಗ ಅವರು ಏರಿದ್ದು ರಥದಂತೆ ಸಿಂಗರಿಸಿದ ಟೊಯೋಟಾ ವಾಹನವನ್ನು. ಆ ರಥವೇನೆಂದು ಯಾವ ಹಳ್ಳಿಯಲ್ಲೂ ವಿವರಿಸಬೇಕಾಗಲಿಲ್ಲ. ಅಕ್ಟೋಬರ್ 23ರಂದು ಬಿಹಾರದ ಸಮಸ್ತಿಪುರದಲ್ಲಿ ಅದನ್ನು ತಡೆಯುವ ಹೊತ್ತಿಗೆ ಅದರ ಚಿತ್ರ ಎಲ್ಲ ಕಡೆ ತಲುಪಿತ್ತು. 1991ರಲ್ಲಿ ಸೀತೆಯ ಪಾತ್ರಧಾರಿ ದೀಪಿಕಾ ಚಿಖಲಿಯಾ ಬರೋಡದಿಂದ, ರಾವಣನ ಪಾತ್ರಧಾರಿ ಅರವಿಂದ ತ್ರಿವೇದಿ ಸಾಬರಕಾಂಠದಿಂದ ಭಾಜಪ ಸಂಸದರಾದರು. ತೆರೆಯ ಮೇಲೆ ಒಬ್ಬರನ್ನೊಬ್ಬರು ಎದುರಿಸಿದವರು ಲೋಕಸಭೆಯಲ್ಲಿ ಒಂದೇ ಕಡೆ ಕೂತರು.

ಇಲ್ಲಿ ಸಾಗರ್ ಅವರಿಗೆ ನ್ಯಾಯ ಸಲ್ಲಿಸಬೇಕು. ಅವರ ರಾಮ ಸಿಟ್ಟಿನ ರಾಮನಲ್ಲ. ಮೆಲ್ಲಗೆ ಮಾತಾಡುವ, ಮುಗುಳ್ನಗುವ, ತಾಳ್ಮೆಯ ರಾಮ. ಲಾಹೋರಿನ ಬಳಿ ಹುಟ್ಟಿ, ವಿಭಜನೆಯಲ್ಲಿ ನೆಲೆ ಕಳೆದುಕೊಂಡು ಬಂದ ಸಾಗರ್ ಆ ಹಿಂಸೆಯ ಬಗ್ಗೆ ‘ಔರ್ ಇನ್ಸಾನ್ ಮರ್ ಗಯಾ’ ಎಂಬ ಕಾದಂಬರಿಯನ್ನೇ ಬರೆದಿದ್ದರು. ಮುಂದೆ 1988ರ ಅಕ್ಟೋಬರ್ 2ರಿಂದ ಬಂದ ‘ಮಹಾಭಾರತ’ಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಅದನ್ನು ನೋಡಿದವರಲ್ಲಿ ಎಲ್ಲ ಮತದವರೂ ಇದ್ದರು. ಆದರೆ ಅದೇ ವರ್ಷಗಳಲ್ಲಿ ಗೋಡೆಗಳ ಮೇಲೆ ಬಂದ ರಾಮ ಬೇರೆ. ಸೀತೆ, ಲಕ್ಷ್ಮಣ, ಹನುಮಂತರ ನಡುವೆ ಪಟ್ಟಾಭಿಷಿಕ್ತನಾಗಿ ಕುಳಿತಿದ್ದ ಮನೆಯ ಪಟದ ರಾಮ ಈಗ ಒಂಟಿಯಾಗಿ, ಬಿಲ್ಲು ಸೆಳೆದು, ಮುಗಿಲಿಗೆ ತಲೆ ತಾಗುವಂತೆ ನಿಂತ. ಟೀವಿ ಪರಿಚಯಿಸಿದ ಮುಖಕ್ಕೆ ಭಿತ್ತಿಪತ್ರ ಬೇರೆ ಭಾವವನ್ನು ಬಳಿಯಿತು. ಒಂದು ಮಾಧ್ಯಮ ಬಿತ್ತಿದ್ದನ್ನು ಇನ್ನೊಂದು ಕೊಯ್ಯುವುದು ಹೀಗೆ.

ಪತ್ರಿಕೆಗಳ ಪಾಲು

ಟೀವಿಯ ಮೇಲೆ ಬೆರಳು ತೋರುವಾಗ ಪತ್ರಿಕೆಯವರು ತಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಅರವಿಂದ ರಾಜಗೋಪಾಲ್ 2001ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಒಂದು ಮುಖ್ಯ ಅಂಶವನ್ನು ಗುರುತಿಸಿದ್ದಾರೆ. ಅಯೋಧ್ಯೆಯ ಒಂದೇ ಘಟನೆಯನ್ನು ಇಂಗ್ಲಿಷ್ ಪತ್ರಿಕೆಗಳು ಕಾನೂನು ಮತ್ತು ಶಾಂತಿಪಾಲನೆಯ ಪ್ರಶ್ನೆಯಾಗಿ, ಹಿಂದಿ ಪತ್ರಿಕೆಗಳು ಜನರ ಭಾವನೆಯ ಪ್ರಶ್ನೆಯಾಗಿ ಬರೆದವು. ಎರಡೂ ಓದುಗ ವರ್ಗಗಳು ಒಂದೇ ದೇಶದಲ್ಲಿದ್ದೂ ಎರಡು ಬೇರೆ ದೇಶಗಳ ಸುದ್ದಿ ಓದಿದವು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದಂತಾಯಿತು. 1990ರ ಅಕ್ಟೋಬರ್-ನವೆಂಬರ್‌ನಲ್ಲಿ ಅಯೋಧ್ಯೆಯಲ್ಲಿ ಗೋಲಿಬಾರ್ ನಡೆದಾಗ ಸತ್ತವರ ಸಂಖ್ಯೆಯನ್ನು ಹಿಗ್ಗಿಸಿ, ಉದ್ರೇಕಿಸುವಂತೆ ಬರೆದುದಕ್ಕೆ ನಾಲ್ಕು ಹಿಂದಿ ದಿನಪತ್ರಿಕೆಗಳನ್ನು ಪ್ರೆಸ್ ಕೌನ್ಸಿಲ್ ಖಂಡಿಸಿತು. ಖಂಡನೆ ಬರುವ ಹೊತ್ತಿಗೆ ಸುದ್ದಿ ಓದಿದವರು ಓದಿಯಾಗಿತ್ತು.

ನೋಡುಗರನ್ನು ಪೂರ್ತಿ ಮುಗ್ಧರೆಂದು ತಿಳಿಯುವುದೂ ಸರಿಯಲ್ಲ. ರಾಮಾಯಣ ಪ್ರಸಾರವಾಗುತ್ತಿದ್ದಾಗಲೇ, 1988ರ ಜನವರಿಯಲ್ಲಿ, ಅದೇ ದೂರದರ್ಶನ ಭೀಷ್ಮ ಸಾಹನಿಯವರ ಕಾದಂಬರಿ ಆಧರಿಸಿ ಗೋವಿಂದ ನಿಹಲಾನಿ ತೆಗೆದ ‘ತಮಸ್’ ತೋರಿಸಿತು. ವಿಭಜನೆಯ ಗಲಭೆಯನ್ನು ತೋರಿಸಿದರೆ ಮತ್ತೆ ಗಲಭೆಯಾದೀತು, ನಿಲ್ಲಿಸಿ ಎಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯ ಮನುಷ್ಯ ಅದರಿಂದ ಪಾಠ ಕಲಿಯಬಲ್ಲ ಎಂಬ ವಿಶ್ವಾಸ ಆ ತೀರ್ಪಿನ ಹಿಂದಿತ್ತು.

ಅಂದಿನಿಂದ ಬಹಳ ನೀರು ಹರಿದಿದೆ. 2019ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. 2020ರ ಮಾರ್ಚ್ 28ರಂದು, ಕೊರೊನಾ ಲಾಕ್‌ಡೌನ್ ನಡುವೆ, ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ಹಾಕಿತು. ಮೂವತ್ತು ವರ್ಷ ಹಳತಾದರೂ ಜನ ಮುಗಿಬಿದ್ದು ನೋಡಿದರು. 2024ರ ಜನವರಿ 22ರಂದು ಅಯೋಧ್ಯೆಯ ಹೊಸ ಮಂದಿರದ ಪ್ರಾಣಪ್ರತಿಷ್ಠೆಗೆ ರಾಮ, ಸೀತೆ, ಲಕ್ಷ್ಮಣರ ಪಾತ್ರ ಮಾಡಿದವರನ್ನೂ ಆಹ್ವಾನಿಸಲಾಗಿತ್ತು. ಅದೇ ವರ್ಷ ಅರುಣ್ ಗೋವಿಲ್ ಮೀರತ್‌ನಿಂದ ಭಾಜಪ ಅಭ್ಯರ್ಥಿಯಾಗಿ ಲೋಕಸಭೆಗೆ ಗೆದ್ದರು. 1988ರಲ್ಲಿ ಅಲಹಾಬಾದಿನಲ್ಲಿ ಫಲ ಕೊಡದ ಮುಖ ಮೂವತ್ತಾರು ವರ್ಷಗಳ ನಂತರ ಮೀರತ್‌ನಲ್ಲಿ ಫಲ ಕೊಟ್ಟಿತು. ಮುಖ ಅದೇ, ಕಾಲ ಬೇರೆ, ಪಕ್ಷ ಬೇರೆ.

ಈಗ ಭಾನುವಾರ ಬೆಳಗಿನ ಆ ಒಂದೇ ಹೊತ್ತು ಉಳಿದಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ತೆರೆ ಇದೆ. ಮುನ್ನೂರು ರಾಮಾಯಣಗಳಿಗೂ ಅದರಲ್ಲಿ ಜಾಗವಿದೆ. ಆದರೆ ನಮಗೆ ಹಿಡಿಸಿದ್ದನ್ನೇ ಮತ್ತೆ ಮತ್ತೆ ಮುಂದಿಡುವುದು ಆ ಸಣ್ಣ ತೆರೆಯ ಸ್ವಭಾವ. ಹಿಂದೆ ಎಲ್ಲರಿಗೂ ಒಂದೇ ಕತೆ ಸಿಕ್ಕಿತ್ತು. ಈಗ ಒಬ್ಬೊಬ್ಬರಿಗೆ ಅವರವರ ಕತೆ ಮಾತ್ರ ಸಿಗುತ್ತದೆ. ಎರಡರಲ್ಲೂ ವಾಲಿ ಎದ್ದು ಕುಳಿತು ಪ್ರಶ್ನೆ ಕೇಳುವ ಸಂದರ್ಭ ಇಲ್ಲ.

ಯಾವ ಮಾಧ್ಯಮವೂ ಧರ್ಮವನ್ನು ಇದ್ದಂತೆ ತಂದುಕೊಡುವುದಿಲ್ಲ; ತನ್ನ ಅಳತೆಗೆ ಕತ್ತರಿಸಿ ಕೊಡುತ್ತದೆ. ಕತ್ತರಿಸಿದ್ದನ್ನೇ ಪೂರ್ತಿ ಎಂದು ನಂಬಿದಾಗ ಅದನ್ನು ರಾಜಕೀಯ ಎತ್ತಿಕೊಳ್ಳುವುದು ಸುಲಭ. ಇದಕ್ಕೆ ಧಾರಾವಾಹಿಯನ್ನು ನಿಷೇಧಿಸುವುದಾಗಲಿ ಪ್ರಬಂಧವನ್ನು ಪಠ್ಯದಿಂದ ಕಿತ್ತುಹಾಕುವುದಾಗಲಿ ಮದ್ದಲ್ಲ. ಇನ್ನೊಂದು ರಾಮಾಯಣವನ್ನು ಓದುವುದು, ಕೇಳುವುದು, ಮಕ್ಕಳಿಗೆ ಹೇಳುವುದು ಮದ್ದು. ಕನ್ನಡಿಗರಿಗೆ ಅದಕ್ಕೆ ದೂರ ಹೋಗಬೇಕಿಲ್ಲ. ಆ ಧಾರಾವಾಹಿಯೇ ಪ್ರತಿ ಭಾನುವಾರ ತನ್ನ ಪಟ್ಟಿಯಲ್ಲಿ ನಾಗಚಂದ್ರನ ಕಾವ್ಯದ ಹೆಸರು ಹೇಳುತ್ತಿತ್ತು. ಅದನ್ನು ಕಪಾಟಿನಿಂದ ತೆಗೆದು ಓದುವುದಷ್ಟೇ ಬಾಕಿ.